ನೀರು ಕುಡಿಯದ ಮೊಲಗಳು

ವೆಂಡೆಲೀನನ ಮೊಲಗಳು ನೀರು ಕುಡಿಯುವುದಿಲ್ಲ ಅನ್ನುವುದು ಪೊಧಾಯ್ನಾ ಊರಿಗೆಲ್ಲ ಗೊತ್ತಿದ್ದ ವಿಷಯ. ಊರೇನು ಬಂತು, ಒರಾವಾ ಸೀಮೆಯಲ್ಲಿ ಮೊಲ ಸಾಕುವವರ ಅರ್ಧಕ್ಕರ್ಧ ಸಂಘಗಳಿಗೂ ಗೊತ್ತಿತ್ತು. "ಮೇವಿನ ಗೆಡ್ಡೆಯಲ್ಲಿ ನೀರಿದೆ, ಹಿಮದಲ್ಲಿ ನೀರಿದೆ. ಇನ್ನು ಬಟ್ಟಲಲ್ಲಿ ಬೇರೆ ಯಾಕ್ರಪ್ಪಾ? ನೀರು ಕುಡಿದ ಮೊಲದ ಹೊಟ್ಟೆ ಉಬ್ಬುತ್ತೆ, ಉಬ್ಬಿ ಸಾಯುತ್ತೆ" ಎಂದು ಅವನು ಪ್ರತಿ ಸಭೆಯಲ್ಲೂ ಎದ್ದು ನಿಂತು ಮೀಸೆ ಸವರಿಕೊಂಡು ಹೇಳುತ್ತಿದ್ದ. ಅವನ ಅಪ್ಪ ಹೇಳಿದ್ದೂ ಇದನ್ನೇ, ಅಜ್ಜ ಹೇಳಿದ್ದೂ ಇದನ್ನೇ. ಯಾರಾದರೂ ಅನುಮಾನಪಟ್ಟರೆ ಮನೆಗೆ ಕರೆತಂದು ಗಾಜಿನ ಬೀರು ತೋರಿಸುವನು. ಅದರೊಳಗೆ ಪ್ರದರ್ಶನಗಳಲ್ಲಿ ಗೆದ್ದ ಹದಿನಾಲ್ಕು ಕಪ್ಪುಗಳು. ನೋಡಿದವನು ಬಾಯಿ ಮುಚ್ಚಿಕೊಂಡು ವಾಪಸು ಹೋಗಬೇಕು.

ಇದೆಲ್ಲ ಹಸೀ ಸುಳ್ಳು ಎಂದು ಗೊತ್ತಿದ್ದವಳು ಒಬ್ಬಳೇ, ಅವನ ಹೆಂಡತಿ ಒಟೀಲಿಯಾ. ಗೊತ್ತಿರದೆ ಏನು? ಮೂವತ್ತೆಂಟು ಚಳಿಗಾಲ, ದಿನಕ್ಕೆ ಮೂರು ಸಲ, ಆ ಮೊಲಗಳಿಗೆ ಉಗುರುಬೆಚ್ಚಗಿನ ನೀರು ಹೊತ್ತವಳು ಅವಳೇ.

ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹುಲ್ಲು ಹಾಕಲು ಹೋದಾಗ ಒಂದು ಮೊಲ ಗೂಡಿನ ಕಬ್ಬಿಣದ ಚಿಲಕಕ್ಕೆ ಮೂತಿ ಹಚ್ಚಿಕೊಂಡು ನಿಂತಿತ್ತು. ಚಿಲಕದ ಮೇಲಿನ ಹಿಮ ನೆಕ್ಕಲು ಹೋಗಿ ನಾಲಗೆ ಅಂಟಿಕೊಂಡುಬಿಟ್ಟಿದೆ. ಒಟೀಲಿಯಾ ಬಾಯಿಂದ ಬಿಸಿಯುಸಿರು ಊದಿ ಊದಿ ಬಿಡಿಸಿದಳು. ಆಮೇಲೆ ಒಳಗೆ ಓಡಿ ಒಂದು ತಗಡಿನ ಬಟ್ಟಲಲ್ಲಿ ನೀರು ತಂದಿಟ್ಟಳು. ಅದು ಕುಡಿದ ರಭಸ ನೋಡಿ ಅವಳಿಗೆ ಅಳು ಬಂತು. ಗಂಡನಿಗೆ ಹೇಳಲು ಬಾಯಿ ತೆಗೆದಳು; ಪಕ್ಕದಲ್ಲೇ ಮಾವ ಕೂತಿದ್ದ, ಮುಚ್ಚಿದಳು. ಮಾರನೆ ವರ್ಷ ಮೊದಲ ಕಪ್ಪು ಬಂತು. ಗಂಡ ಅವಳನ್ನು ಎತ್ತಿ ಅಂಗಳದಲ್ಲಿ ಮೂರು ಸುತ್ತು ತಿರುಗಿಸಿದ. "ನೋಡಿದ್ಯಾ? ಒಂದು ತೊಟ್ಟು ನೀರಿಲ್ಲದೆ!" ಎಂದ. ಅಷ್ಟು ಖುಷಿಯಲ್ಲಿದ್ದವನಿಗೆ ಏನಂತ ಹೇಳುವುದು?

ಮುಚ್ಚಿಡುವುದು ಕಷ್ಟವಾಗಿರಲಿಲ್ಲ. ವೆಂಡೆಲೀನ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಅವನ ಪಾಳಿಯ ಪಟ್ಟಿ ಸ್ಟೇಷನ್ ಮಾಸ್ಟರನಿಗಿಂತ ಒಟೀಲಿಯಾಗೆ ಚೆನ್ನಾಗಿ ಗೊತ್ತಿತ್ತು. ಅವನು ಹೊರಟ ಮೇಲೆ ಬಟ್ಟಲುಗಳು ಗೂಡಿಗೆ ಹೋಗುವವು, ಬರುವ ಮೊದಲು ಬಟ್ಟೆ ಒಗೆಯುವ ಕೋಣೆಗೆ ಬರುವವು. ಭಾನುವಾರ ಇಗರ್ಜಿ ಮುಗಿಸಿ ಅವನು ಹೆಂಡದಂಗಡಿಗೆ ಹೋದನೆಂದರೆ ಮಧ್ಯಾಹ್ನದ ತನಕ ಚಿಂತೆಯಿಲ್ಲ. ಬೇಸಿಗೆಯಲ್ಲಿ ಹಸಿಹುಲ್ಲಿರುತ್ತದೆ, ಹೇಗೋ ನಡೆದುಹೋಗುತ್ತದೆ. ಚಳಿಗಾಲದ್ದೇ ಪಜೀತಿ.

ಈಗ ಅವನು ನಿವೃತ್ತನಾದ. ಹೊಸವರ್ಷದ ದಿನದಿಂದ ಮನೆಯಲ್ಲೇ.

"ಮುದುಕಿ, ಇನ್ನು ನೀನು ಗೂಡಿನ ಕಡೆ ತಲೆ ಹಾಕ್ಬೇಡ" ಎಂದ ಮೊದಲ ದಿನವೇ, ಬ್ರೆಡ್ಡಿಗೆ ಹಂದಿಕೊಬ್ಬು ಸವರುತ್ತಾ. "ಇಷ್ಟು ವರ್ಷ ಹುಲ್ಲು ಹಾಕಿ ಹಾಕಿ ನಿನ್ನ ಸೊಂಟ ಹೋಯ್ತು. ಇನ್ನು ಎಲ್ಲ ನಂದು. ನೀನು ಒಲೆ ಪಕ್ಕ ಕೂತ್ಕೊಂಡು ದಿಂಬಿಗೆ ಗರಿ ಬಿಡಿಸು."

"ನನ್ನ ಸೊಂಟಕ್ಕೇನಾಗಿದೆ? ಗಟ್ಟಿಯಾಗೇ ಇದೆ."

"ರಾತ್ರಿಯೆಲ್ಲ ನರಳ್ತೀಯಲ್ಲ!"

"ನರಳೋದು ನಿನ್ನ ಗೊರಕೆಗೆ" ಎಂದಳು ಒಟೀಲಿಯಾ. ಅವನು ನಕ್ಕ. ಪ್ರೀತಿಯಿಂದಲೇ ಹೇಳಿದ್ದ, ಪಾಪ. ಅದೇ ಅವಳಿಗೆ ಹೆಚ್ಚು ಸಂಕಟವಾಗಿದ್ದು.

ಮೂರನೆಯ ದಿನಕ್ಕೆ ಚಳಿ ಶುರುವಾಯಿತು. ಸೊನ್ನೆಗಿಂತ ಹದಿನೆಂಟು ಕೆಳಗೆ, ಇಪ್ಪತ್ತೆರಡು ಕೆಳಗೆ, ಇಪ್ಪತ್ತಾರು. ಗೂಡಿಗೆ ಹಾಕಿದ ಗೆಡ್ಡೆ ಒಂದು ತಾಸಿನಲ್ಲಿ ಕಲ್ಲಾಗುತ್ತಿತ್ತು. ಮೊಲಗಳು ಹಲ್ಲು ಊರಿ ಜಾರಿಸಿಕೊಂಡು ಸುಮ್ಮನಾಗುತ್ತಿದ್ದವು. ಅಡುಗೆಮನೆ ಕಿಟಕಿಯಿಂದ ನೋಡಿದರೆ ಗೂಡಿನ ಸಾಲು ಪೂರ್ತಿ ಕಾಣುತ್ತದೆ. ಒಟೀಲಿಯಾ ಗರಿ ಬಿಡಿಸುತ್ತಾ ನೋಡುತ್ತಾ ಕೂತಳು. ನಲವತ್ತು ಮೊಲ. ಹಲಗೆ ಕೆರೆಯುವ ಸದ್ದು ಒಳಗೂ ಕೇಳುತ್ತಿತ್ತು.

ಅವನು ಗಡ್ಡ ಹೆರೆದುಕೊಳ್ಳುವ ಹೊತ್ತಿಗೆ ಹಾಲಿನ ಕ್ಯಾನನ್ನು ಲಂಗದಡಿ ಮುಚ್ಚಿಕೊಂಡು ಓಡಿದಳು. ನಾಲ್ಕು ಗೂಡಿಗೆ ಕೊಡುವಷ್ಟರಲ್ಲಿ ಬಾಗಿಲು ಕಿರ್ ಎಂದಿತು. ಇನ್ನೊಂದು ದಿನ ಅವನು ಪೇಪರು ತರಲು ಹೋದಾಗ ಹತ್ತು ಗೂಡಿಗೆ ಕೊಟ್ಟಳು. ಆದರೆ ಬಟ್ಟಲುಗಳನ್ನು ವಾಪಸು ಎತ್ತಿಕೊಳ್ಳುವ ಆತುರದಲ್ಲಿ ಒಂದರಲ್ಲಿ ಉಳಿದು ಹೆಪ್ಪುಗಟ್ಟಿದ್ದ ನೀರನ್ನು ಹುಲ್ಲಿನ ಮೇಲೆ ಉದುರಿಸಿ ಬಂದಳು. ಸಂಜೆ ವೆಂಡೆಲೀನ ಕೈಯಲ್ಲಿ ದುಂಡನೆಯ ಮಂಜುಗಡ್ಡೆ ಹಿಡಿದುಕೊಂಡು ಒಳಗೆ ಬಂದ.

"ಏನಿದು?"

"ಮಂಜುಗಡ್ಡೆ."

"ಕಣ್ಣಿದೆ ನನಗೆ. ಗೂಡೊಳಗೆ ಹೇಗೆ ಬಂತು? ತಟ್ಟೆ ಥರ ದುಂಡಗಿದೆ!"

"ಸೂರಿನಿಂದ ತೊಟ್ಟಿಕ್ಕಿರಬೇಕು."

"ಇಪ್ಪತ್ತಾರು ಡಿಗ್ರಿ ಚಳಿಯಲ್ಲಿ ಸೂರು ತೊಟ್ಟಿಕ್ಕುತ್ತಾ? ಮುದುಕಿ, ನೀನು ಏನಾದ್ರೂ ಕೊಡ್ತಿದ್ದೀಯಾ?"

"ಏನು ಕೊಡ್ಲಿ, ಕಾಫಿನಾ?"

ಅವನು ಮಂಜುಗಡ್ಡೆಯನ್ನು ಬೋಗುಣಿಗೆ ಎಸೆದ. ಮರುದಿನದಿಂದ ಕೊಟ್ಟಿಗೆ ಬಾಗಿಲಿಗೂ ಗೂಡುಗಳಿಗೆ ಅಡ್ಡ ಹಾಕಿದ ಉದ್ದನೆಯ ಕಬ್ಬಿಣದ ಪಟ್ಟಿಗೂ ಬೀಗ ಬಿತ್ತು. ಕೀಲಿ ಅವನ ಜೇಬಿನಲ್ಲಿ.

ಮಹಡಿಯಲ್ಲಿ ಮಗನ ಸಂಸಾರ. ಮಗ ಸಿಪ್ರಿಯಾನ ಗಣಿಯಲ್ಲಿ ಕೆಲಸ ಮಾಡುತ್ತಾನೆ, ಶನಿವಾರ ಬಂದು ಭಾನುವಾರ ಸಂಜೆ ಹೋಗುತ್ತಾನೆ. ಸೊಸೆ ಝೋಫಿಯಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ನಾಲಗೆ ಚುರುಕು, ಕೈ ಅದಕ್ಕಿಂತ ಚುರುಕು. ಒಂದು ಮಧ್ಯಾಹ್ನ ಅವಳು ಒಗೆಯಲು ಬಟ್ಟೆ ತಂದಾಗ ಅತ್ತೆ ಒಗೆಯುವ ಕೋಣೆಯಲ್ಲಿ ನಲವತ್ತು ತಗಡಿನ ಬಟ್ಟಲುಗಳ ನಡುವೆ ನೆಲದ ಮೇಲೆ ಕೂತು ಅಳುತ್ತಿದ್ದಳು.

"ಅಯ್ಯೋ ಅತ್ತೆ! ಯಾರಾದ್ರೂ ತೀರ್ಕೊಂಡ್ರಾ?"

"ಇಲ್ಲ ಕಣೇ. ತೀರ್ಕೊಳ್ತಾರೆ, ಇನ್ನೊಂದು ವಾರದಲ್ಲಿ" ಎಂದು ಒಟೀಲಿಯಾ ಎಲ್ಲ ಹೇಳಿದಳು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರಿಗೆ ಹೇಳಿದ್ದು. ಹೇಳಿ ಮುಗಿಸುವಷ್ಟರಲ್ಲಿ ಝೋಫಿಯಾಳ ಮುಖ ಕೆಂಪಗಾಗಿತ್ತು.

"ಅಂದ್ರೆ ಬೀರುವಲ್ಲಿರೋ ಹದಿನಾಲ್ಕು ಕಪ್ಪು ನಿಮ್ಮವು!"

"ಕಪ್ಪಿನ ಮನೆ ಹಾಳಾಗ. ಮೊಲ ಸಾಯ್ತಿದ್ದಾವೆ."

"ಮತ್ತೆ ಹೇಳಿಬಿಡಿ! ಈಗಲೇ ಹೋಗಿ ಹೇಳಿ. ಬೇಕಾದ್ರೆ ನಾನು ಹೇಳ್ತೀನಿ."

"ಬಾಯಿ ಬಿಟ್ರೆ ನೋಡು! ಅವನಿಗೆ ಇರೋದೇ ಅದೊಂದು. ಕೆಲಸ ಹೋಯ್ತು, ಟೋಪಿ ಹೋಯ್ತು, ಸೀಟಿ ಹೋಯ್ತು. ಸಂಘದ ಅಧ್ಯಕ್ಷ ಅನ್ನೋ ಒಂದು ಮಾತಲ್ಲಿ ಉಸಿರಾಡ್ತಿದ್ದಾನೆ."

"ನಿಮ್ಮ ಸೊಂಟ ಮುರಿದು ಅವರು ಉಸಿರಾಡ್ಬೇಕಾ?" ಎಂದಳು ಝೋಫಿಯಾ. "ಅತ್ತೆ, ಸಿಟ್ಟು ಮಾಡ್ಕೋಬೇಡಿ, ನೀವು ಮಾಡಿದ್ದು ತಪ್ಪು. ಮೊದಲನೇ ವರ್ಷವೇ ಹೇಳಿದ್ರೆ ಒಂದು ದಿನದ ಜಗಳದಲ್ಲಿ ಮುಗೀತಿತ್ತು."

ಒಟೀಲಿಯಾಗೆ ಸಿಟ್ಟು ಬಂತು. ಬಂದು ಎರಡು ದಿನ ಸೊಸೆಯ ಹತ್ತಿರ ಮಾತು ಬಿಟ್ಟಳು. ಮೂರನೆಯ ದಿನ ಎಲೆಕೋಸಿನ ಹುಳಿಸಾರು ಮಾಡಿ ಒಂದು ಪಾತ್ರೆ ಮಹಡಿಗೆ ಕಳಿಸಿ ರಾಜಿಯಾದಳು.

ಫೆಬ್ರವರಿ ಮೊದಲ ವಾರ ಬಿಳಿಯ ದೊಡ್ಡ ತಾಯಿಮೊಲ ಮರಿ ಹಾಕಿತು. ಅದರ ಎಡಗಿವಿಯಲ್ಲಿ ನಲವತ್ತೇಳು ಎಂದು ಹಚ್ಚೆ. ವೆಂಡೆಲೀನ ಅದನ್ನು ನಂಬರಿನಿಂದಲೇ ಕರೆಯುವುದು. ಒಟೀಲಿಯಾ ಮನಸ್ಸಿನಲ್ಲೇ ಬೆಲಾ ಎಂದು ಕರೆಯುವಳು. ಏಳು ಮರಿ ಹಾಕಿತ್ತು. ಬೆಳಗಾಗುವಷ್ಟರಲ್ಲಿ ನಾಲ್ಕನ್ನು ತಿಂದುಹಾಕಿತ್ತು. ಉಳಿದ ಮೂರು ತಣ್ಣಗಾಗಿದ್ದವು.

ವೆಂಡೆಲೀನ ಒಳಗೆ ಬಂದು ಕೈ ತೊಳೆದ. ಅವನ ಮುಖ ಬಿಳುಚಿತ್ತು.

"ರಕ್ತ ಕೆಟ್ಟಿದೆ" ಎಂದ. "ಹೆತ್ತ ಮಕ್ಕಳನ್ನ ತಿನ್ನೋ ಪ್ರಾಣಿ ನನ್ನ ಗೂಡಲ್ಲಿ ಇರಬಾರದು. ಶನಿವಾರ ಕುಯ್ತೀನಿ. ಭಾನುವಾರ ಹೇಗೂ ಜಿಲ್ಲಾ ಸಂಘದವರು ಬರ್ತಿದ್ದಾರೆ, ನಮ್ಮ ಪದ್ಧತಿ ನೋಡೋಕೆ. ಮೆಣಸಿನಪುಡಿ ಹಾಕಿ ಕೆನೆ ಸಾರು ಮಾಡಿಬಿಡು. ದೊಡ್ಡ ಮೊಲ, ಹತ್ತು ಜನಕ್ಕೆ ಬರುತ್ತೆ."

"ಅದಕ್ಕೆ ಬಾಯಾರಿಕೆಯಾಗಿತ್ತು."

"ಏನಂದೆ?"

"ಹೆತ್ತ ಮೇಲೆ ನೀರು ಬೇಕಾಗುತ್ತೆ. ಇಲ್ಲದಿದ್ರೆ ಒದ್ದೆಯಾಗಿ ಎದುರಿಗೆ ಏನಿದೆಯೋ ಅದನ್ನೇ ನೆಕ್ಕುತ್ತೆ. ಮರಿ ಒದ್ದೆಯಾಗಿತ್ತು."

"ಮೂವತ್ತೆಂಟು ವರ್ಷದಲ್ಲಿ ನನ್ನ ಒಂದು ಮೊಲವಾದ್ರೂ ಮರಿ ತಿಂದಿತ್ತಾ? ಇಲ್ಲ ತಾನೆ? ಆಗೆಲ್ಲ ಬಾಯಾರಿಕೆ ಎಲ್ಲಿ ಹೋಗಿತ್ತು?"

ಒಟೀಲಿಯಾ ಗಂಡನ ಮುಖ ನೋಡಿದಳು.  ತಿರುಗಿ ಒಲೆಗೆ ಸೌದೆ ಒಟ್ಟಿದಳು.

ಮಾರನೆಯ ದಿನ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಎದುರುಮನೆಯ ಜೆನೊವೇವಾ ಸಿಕ್ಕಳು. ಅವಳ ಗಂಡ ಗಾಶ್ಪರ ಸಂಘದ ಕಾರ್ಯದರ್ಶಿ, ವೆಂಡೆಲೀನ ಹೇಳಿದ್ದನ್ನು ಬೈಬಲ್ಲಿನ ಹಾಗೆ ಪಾಲಿಸುವವನು.

"ಒಟೀಲಿಯಾ, ನಮ್ಮನೇಲಿ ಮತ್ತೆ ಶುರುವಾಯ್ತಮ್ಮ" ಎಂದಳು ಜೆನೊವೇವಾ. ಕಣ್ಣು ಊದಿಕೊಂಡಿದ್ದವು. "ಹೋದ ವರ್ಷ ಮೂರು ಮೊಲ ಮರಿ ತಿಂದ್ವಲ್ಲ, ಈ ವರ್ಷ ನಾಲ್ಕು. ವೆಂಡೆಲೀನ ಬಂದು ನೋಡಿ ರಕ್ತ ಕೆಟ್ಟಿದೆ ಅಂದ. ಗಾಶ್ಪರ ಹೋದ ವರ್ಷದ ಹಾಗೇ ನಾಲ್ಕನ್ನೂ ಕುಯ್ದುಬಿಟ್ಟ. ಗೂಡು ತೊಳೆದವಳು ನಾನು. ಆ ಪುಟ್ಟ ಪುಟ್ಟ ಕಾಲು... ನನ್ನ ಕೈಯಲ್ಲಿ ಆಗಲ್ಲ ಇನ್ನು."

"ಇನ್ನೆಷ್ಟಿವೆ?"

"ಒಂದೇ ಒಂದು ಹೆಣ್ಣು. ಬರೋ ವಾರ ಹಾಕುತ್ತೆ. ಅದೂ ತಿಂದ್ರೆ ಮುಗೀತು, ಗೂಡು ಒಡೆದು ಸೌದೆ ಮಾಡ್ತೀನಿ ಅಂತಾನೆ. ನನ್ನಮ್ಮ ತವರಿಂದ ಕೊಟ್ಟು ಕಳಿಸಿದ ತಳಿ ಕಣೇ ಅದು." ಜೆನೊವೇವಾ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. "ನಮ್ಮ ಕೈಗುಣವೇ ಸರಿಯಿಲ್ಲವೇನೋ. ನಿಮ್ಮನೇಲಿ ಹಾಗಾಗಲ್ಲವಲ್ಲ."

 ಹೋದ ವರ್ಷವೂ ಇದೇ ಜೆನೊವೇವಾ ಬೇಲಿಯ ಆಚೆ ನಿಂತು ಅತ್ತಿದ್ದಳು. 'ಅಯ್ಯೋ ಪಾಪ' ಎಂದು ಈಚೆ ನಿಂತು ಹೇಳಿ ಒಳಗೆ ಬಂದು ತನ್ನ ನಲವತ್ತು ಮೊಲಕ್ಕೆ ನೀರು ಕಾಯಿಸಿದ್ದಳು ಒಟೀಲಿಯಾ. ಗಂಡನ ಮಾನ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದಳು. ಎದುರುಮನೆಯ ರಕ್ತ ಯಾರ ಕೈಗೆ ಅಂಟಿತು ಅನ್ನುವುದು ಇಷ್ಟು ದಿನ ಹೊಳೆದೇ ಇರಲಿಲ್ಲ. ಹೊಳೆಯಲಿಲ್ಲವೋ, ಹೊಳೆಯಗೊಡಲಿಲ್ಲವೋ! ಬ್ರೆಡ್ಡು ತೆಗೆದುಕೊಳ್ಳದೆಯೇ ಮನೆಗೆ ಬಂದಳು.

ಶನಿವಾರ ಮಧ್ಯಾಹ್ನ ಮಗ ಸಿಪ್ರಿಯಾನ ಬಂದು ಬೂಟು ಬಿಚ್ಚುವಷ್ಟರಲ್ಲಿ ಅಡುಗೆಮನೆಯಲ್ಲಿ ರಾದ್ಧಾಂತ ನಡೆದಿತ್ತು. ಬಟ್ಟೆ ತೊಳೆಯುವ ದೊಡ್ಡ ತೊಟ್ಟಿ ಒಲೆಯ ಪಕ್ಕ, ಅದರೊಳಗೆ ಹುಲ್ಲು, ಹುಲ್ಲಿನ ಮೇಲೆ ನಲವತ್ತೇಳು. ಗಂಡ ಊಟದ ನಂತರ ತೂಕಡಿಸುವಾಗ ಜೇಬಿನಿಂದ ಕೀಲಿ ತೆಗೆದು ಒಟೀಲಿಯಾ ಅದನ್ನು ಒಳಗೆ ತಂದಿದ್ದಳು. ಈಗ ಅವನು ಚಾಕು ಮಸೆದುಕೊಂಡು ಬಾಗಿಲಲ್ಲಿ ನಿಂತಿದ್ದ.

"ಆಚೆ ಸರಿ ಮುದುಕಿ."

"ಸರಿಯಲ್ಲ."

"ಅಮ್ಮ, ಒಂದು ಮೊಲಕ್ಕೆ ಇಷ್ಟೊಂದು ರಗಳೆನಾ?" ಎಂದ ಸಿಪ್ರಿಯಾನ. "ಕೊಡು, ನಾನು ಹಿಡ್ಕೋತೀನಿ, ಎರಡು ನಿಮಿಷದ ಕೆಲಸ."

"ನೀನು ಮೊದಲು ಇಲ್ಲಿ ಬಂದು ನೋಡು."

ಒಟೀಲಿಯಾ ಬಟ್ಟಲು ಇಟ್ಟಳು. ನಲವತ್ತೇಳು ಮೂತಿ ಇಳಿಸಿತು. ಕುಡಿಯಿತು, ಕುಡಿಯಿತು, ಕುಡಿಯುತ್ತಲೇ ಇತ್ತು. ಬಟ್ಟಲು ಬರಿದಾಯಿತು, ಇನ್ನೊಂದು ತುಂಬಿಸಿದಳು, ಅದೂ ಅರ್ಧಕ್ಕೆ ಬಂತು. ಸಿಪ್ರಿಯಾನ ಒಂದು ಕಾಲಿನಲ್ಲಿ ಬೂಟು ಹಾಕಿಕೊಂಡೇ ನೋಡುತ್ತಾ ನಿಂತುಬಿಟ್ಟ.

"ಅಪ್ಪ, ಇದು ಕುಡೀತಿದೆಯಲ್ಲ!"

"ಜ್ವರ ಬಂದಿದೆ ಅದಕ್ಕೆ. ಜ್ವರ ಬಂದ ಮೊಲ ಕುಡಿಯುತ್ತೆ."

"ಮಾವ, ನೀವು ಹಾಗಂತ ಹೇಳ್ತೀರಿ ಅಂತ ನನಗೆ ಗೊತ್ತಿತ್ತು" ಎಂದಳು ಮೆಟ್ಟಿಲಿಳಿದು ಬಂದ ಝೋಫಿಯಾ.

"ನಿನ್ನನ್ನ ಯಾರೂ ಕೇಳ್ಲಿಲ್ಲ."

"ಇದನ್ನ ನಾನು ಬೇಯಿಸಲ್ಲ" ಎಂದಳು ಒಟೀಲಿಯಾ. ಧ್ವನಿ ಎತ್ತರವಾಗಿರಲಿಲ್ಲ. "ನೀನು ಕುಯ್ದರೂ ಬೇಯಿಸಲ್ಲ, ಕುಯ್ಯೋಕೆ ಬಿಡೋದೂ ಇಲ್ಲ. ನಾಳೆ ಬರೋರಿಗೆ ಆಲೂಗಡ್ಡೆ ಕಡುಬು, ಕುರಿಹಾಲಿನ ಗಿಣ್ಣು. ತಿಂದ್ರೆ ತಿನ್ಲಿ, ಇಲ್ದಿದ್ರೆ ಉಪವಾಸ ಇರ್ಲಿ."

"ಜಿಲ್ಲೆಯವರಿಗೆ ಕಡುಬಾ! ನನ್ನ ಮರ್ಯಾದೆ ಏನಾಗ್ಬೇಕು?"

"ನಿನ್ನ ಮರ್ಯಾದೆನ ಇಷ್ಟು ವರ್ಷ ಬೇಯಿಸಿ ಬಡಿಸಿದ್ದೀನಿ. ಸಾಕಾಯ್ತು."

ಅವನಿಗೆ ಅರ್ಥವಾಗಲಿಲ್ಲ. ಚಾಕುವನ್ನು ಮೇಜಿನ ಮೇಲೆ ಬಿಸಾಕಿ ಹೆಂಡದಂಗಡಿಗೆ ನಡೆದ. ಆ ಮಧ್ಯಾಹ್ನವೇ ಅತ್ತೆ ಸೊಸೆ ಸೇರಿ ಬಟ್ಟಲುಗಳನ್ನು ಬಿಸಿನೀರಿನಲ್ಲಿ ತೊಳೆದರು. "ನಾಳೆ ಎಲ್ಲರೆದುರಿಗೆ" ಎಂದಳು ಒಟೀಲಿಯಾ. "ಒಬ್ಬನಿಗೇ ಹೇಳಿದ್ರೆ ಜ್ವರ ಅಂತಾನೆ." ಝೋಫಿಯಾ ತಲೆಯಾಡಿಸಿದಳು.

ಭಾನುವಾರ ಹನ್ನೊಂದಕ್ಕೆ ಅಂಗಳ ತುಂಬಿತು. ಸಂಘದ ಆರು ಜನ, ಜಿಲ್ಲೆಯಿಂದ ಇಬ್ಬರು. ಗಾಶ್ಪರನ ಜೊತೆ ಜೆನೊವೇವಾ ಗಸಗಸೆ ಸುರುಳಿ ತಿಂಡಿ ಮಾಡಿಕೊಂಡು ತಟ್ಟೆ ಹಿಡಿದು ಬಂದಿದ್ದಳು. ಜಿಲ್ಲೆಯವನೊಬ್ಬ ತುಪ್ಪುಳದ ಟೋಪಿ ಹಾಕಿಕೊಂಡು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ವೆಂಡೆಲೀನ ರೈಲ್ವೆ ಕೋಟು ಹಾಕಿ ಗೂಡುಗಳ ಬೀಗ ತೆಗೆದು, ಕೈ ಬೀಸಿ ವಿವರಿಸುತ್ತಿದ್ದ. "ಈ ಗೂಡುಗಳಲ್ಲಿರೋ ಯಾವ ಮೊಲವೂ ಹುಟ್ಟಿದ ಮೇಲೆ ನೀರಿನ ಬಟ್ಟಲು ಅನ್ನೋದನ್ನ ಕಣ್ಣಲ್ಲಿ ಕಂಡಿಲ್ಲ ಸ್ವಾಮಿ!"

ಮೊಲಗಳು ಮೂಲೆಯಲ್ಲಿ ಮುದುಡಿ ಕೂತಿದ್ದವು. ಟೋಪಿಯವನು ಬಗ್ಗಿ ನೋಡಿದ. "ಸ್ವಲ್ಪ ಸೊರಗಿವೆ ಅಲ್ವಾ?"

"ಚಳಿ ಜಾಸ್ತಿ ಈ ಸಲ" ಎಂದ ವೆಂಡೆಲೀನ.

ಅಷ್ಟರಲ್ಲಿ ಅಡುಗೆಮನೆ ಬಾಗಿಲು ತೆರೆಯಿತು. ಒಟೀಲಿಯಾ ಎರಡೂ ಕೈಯಲ್ಲಿ ಹಬೆಯಾಡುವ ಬಕೆಟ್ ಹಿಡಿದು ಮೆಟ್ಟಿಲಿಳಿದಳು. ಹಿಂದೆ ಝೋಫಿಯಾ, ತೋಳಿನ ತುಂಬ ಬಟ್ಟಲು ಜೋಡಿಸಿಕೊಂಡು. ಲಂಗದಡಿ ಮುಚ್ಚಿಕೊಳ್ಳಲಿಲ್ಲ, ಓಡಲಿಲ್ಲ. ನಿಧಾನವಾಗಿ ಅಂಗಳದ ನಡುವೆಯೇ ನಡೆದು ಬಂದರು.

"ಮುದುಕಿ! ಏನು ಮಾಡ್ತಿದ್ದೀಯ?"

ಒಟೀಲಿಯಾ ಬಕೆಟ್ ಕೆಳಗಿಟ್ಟಳು. ಮೊದಲ ಬಟ್ಟಲನ್ನು ತೆಗೆದು ಹಲಗೆಯ ಅಂಚಿಗೆ ಟಣ್ ಟಣ್ ಎಂದು ಎರಡು ಸಲ ಬಡಿದಳು. ಪ್ರತಿ ಸಲ ನೀರು ಹಾಕುವ ಮೊದಲು ಬಟ್ಟಲಿನ ಮಂಜುಗಡ್ಡೆ ಉದುರಿಸಲು ಅವಳು ಹಾಗೆ ಬಡಿಯುತ್ತಿದ್ದಳು.

ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಮೂವತ್ತೊಂಬತ್ತು ಮೊಲ ಎದ್ದವು. ಮೂಲೆ ಬಿಟ್ಟು ಮುಂದಕ್ಕೆ ಹಾರಿ, ಹಿಂಗಾಲ ಮೇಲೆ ನಿಂತು, ಮುಂಗಾಲುಗಳನ್ನು ಜಾಲರಿಗೆ ಒತ್ತಿ ಮೂಗು ಹೊರಗೆ ತೂರಿಸಿದವು. ಹುಟ್ಟಿದ ಮೇಲೆ ಬಟ್ಟಲನ್ನೇ ಕಾಣದ ಮೊಲಗಳು!  ಒಟೀಲಿಯಾ ಒಂದೊಂದೇ ಬಾಗಿಲು ತೆಗೆದು ನೀರಿಟ್ಟಳು. ಅಂಗಳದಲ್ಲಿ ಮೊಲಗಳು ನೀರು ನೆಕ್ಕುವ ಸದ್ದೊಂದೇ ಉಳಿಯಿತು.

"ಎಷ್ಟು ದಿನದಿಂದ ಕೊಡ್ತಿದ್ದೀರಮ್ಮ?" ಎಂದ ಟೋಪಿಯವನು, ಮೆಲ್ಲಗೆ.

"ಮದುವೆಯಾದ ವರ್ಷದಿಂದ. ಮೂವತ್ತೆಂಟು ಚಳಿಗಾಲ, ದಿನಕ್ಕೆ ಮೂರು ಸಲ. ಈ ಜನವರಿಯಲ್ಲಿ ಇವರು ಬೀಗ ಹಾಕಿ ನಿಲ್ಲಿಸಿದ್ದಾರೆ. ನಿಲ್ಲಿಸಿದ್ದಕ್ಕೇ ಒಂದು ಮೊಲ ತನ್ನ ಮರಿಗಳನ್ನ ತಿಂತು. ಬರ್ಕೊಳ್ಳಿ. ಬರೀತಿದ್ರಲ್ಲ, ಯಾಕೆ ನಿಲ್ಲಿಸಿದ್ರಿ?"

ಅವನು ಬರೆದುಕೊಂಡ. ಗಾಶ್ಪರ ವೆಂಡೆಲೀನನ ಮುಖ ನೋಡಿದ, ವೆಂಡೆಲೀನ ಗೂಡು ನೋಡಿದ. ಜೆನೊವೇವಾ ಒಟೀಲಿಯಾಳನ್ನೇ ನೋಡುತ್ತಿದ್ದಳು.

"ನಿನಗೆ ಗೊತ್ತಿತ್ತು" ಎಂದಳು.

"ಗೊತ್ತಿತ್ತು."

"ಹೋದ ವರ್ಷವೂ?"

"ಹೋದ ವರ್ಷವೂ."

"ನಾನು ಬೇಲಿ ಹತ್ತಿರ ನಿಂತು ಅಳ್ತಿದ್ದಾಗ ಅಯ್ಯೋ ಪಾಪ ಅಂದೆಯಲ್ಲೇ! ಏಳು ಮೊಲ ಕಣೇ. ಏಳು! ಕೈಗುಣ ಸರಿಯಿಲ್ಲ ಅಂತ ನನ್ನನ್ನೇ ನಾನು ಬೈಕೊಂಡೆ."

  ಜೆನೊವೇವಾ ಗಸಗಸೆ ಸುರುಳಿಯ ತಟ್ಟೆಯನ್ನು ಹಿಮದ ಮೇಲೆ ಇಟ್ಟು ಗೇಟು ದಾಟಿ ಹೋದಳು. ಗಾಶ್ಪರ ಹಿಂದೆಯೇ ಹೋದ.

ಉಳಿದವರು ಕಡುಬು ತಿಂದರು. ಟೋಪಿಯವನು ಎರಡು ಸಲ ಹಾಕಿಸಿಕೊಂಡ. ಮಾತು ಚಳಿಯ ಬಗ್ಗೆ, ಬಸ್ಸಿನ ಬಗ್ಗೆ ನಡೆಯಿತು. ವೆಂಡೆಲೀನ ಊಟಕ್ಕೆ ಬರಲೇ ಇಲ್ಲ. ಎಲ್ಲರೂ ಹೋದ ಮೇಲೆ ಬಂದು ಕೋಟು ಕೂಡ ಬಿಚ್ಚದೆ ಬೆಂಚಿನ ಮೇಲೆ ಕೂತ.

"ಮೂವತ್ತೆಂಟು ವರ್ಷ ನನ್ನ ಮಂಗ ಮಾಡಿದೆ."

"ಚಾಂಪಿಯನ್ ಮಾಡಿದೆ. ಮಂಗ ನೀನಾಗೇ ಆಗಿದ್ದು."

"ಅಪ್ಪ, ಬಿಡಿ ಇನ್ನು" ಎಂದ ಸಿಪ್ರಿಯಾನ.

"ನೀನು ಸುಮ್ಮನಿರು! ನಾಳೆ ಸಂಘಕ್ಕೆ ಹೋಗಿ ಇದೊಂದೇ ಚಳಿಗಾಲ ಕೊಟ್ಟಿದ್ದು ಅಂತ ಹೇಳ್ತೀಯಾ?" ಎಂದು ಅವನು ಹೆಂಡತಿಯನ್ನು ಕೇಳಿದ. ಕೇಳಿದ್ದು ಬೇಡಿದ ಹಾಗಿತ್ತು.

"ಹೇಳಲ್ಲ. ಬೇರೆ ಏನು ಬೇಕಾದ್ರೂ ಕೇಳು, ಸುಳ್ಳು ಮಾತ್ರ ಮುಗೀತು."

"ಅಷ್ಟು ಸತ್ಯವಂತೆ ನೀನು. ಹಾಗಾದ್ರೆ ಗಾಶ್ಪರನ ಮೊಲ ಸಾಯುವಾಗ ಯಾಕೆ ಬಾಯಿ ಬಿಡಲಿಲ್ಲ? ಕುಯ್ಯಿ ಅಂತ ಹೇಳಿದವನು ನಾನು, ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು!"

ಇದು ಮಾತ್ರ ನೆಟ್ಟಗೆ ಬಂದು ತಾಗಿತು. ಒಟೀಲಿಯಾ ಪಾತ್ರೆ ಒರೆಸುವ ಬಟ್ಟೆ ಕೆಳಗಿಟ್ಟಳು.

"ಅದು ನನ್ನ ತಪ್ಪು. ಅದನ್ನ ನಾನು ನೋಡ್ಕೋತೀನಿ. ನಿನ್ನದನ್ನ ನೀನು ನೋಡ್ಕೋ."

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಮಕ್ಕಳು ಶಾಲೆಗೆ, ಹೆಂಗಸರು ಅಂಗಡಿಗೆ ಹೋಗುವ ಹೊತ್ತಿಗೆ ಸರಿಯಾಗಿ, ಒಟೀಲಿಯಾ ಬಕೆಟ್ ಹಿಡಿದು ಬೀದಿ ದಾಟಿದಳು. ಗಾಶ್ಪರನ ಮನೆಯ ಗೇಟು ಒಳಗಿನಿಂದ ಹಾಕಿತ್ತು.

"ಜೆನೊವೇವಾ! ನಿನ್ನ ಮೊಲಕ್ಕೆ ನೀರು ತಂದಿದ್ದೀನಿ."

ಪರದೆ ಅಲುಗಿತು. ಬಾಗಿಲು ಅಲುಗಲಿಲ್ಲ.

"ನನ್ನ ಮೇಲೆ ಸಿಟ್ಟಿಟ್ಕೋ, ಬೇಡ ಅನ್ನಲ್ಲ. ಮೊಲಕ್ಕೆ ಸಿಟ್ಟಿಲ್ಲ. ತೆಗಿ!"

ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಪೋಸ್ಟಿನವಳು ಸೈಕಲ್ ಇಳಿದೇ ನಿಂತಳು. ಒಟೀಲಿಯಾ ಬಕೆಟ್ಟಿನ ಮೇಲೆ ಮಂಜಿನ ಪದರ ಕಟ್ಟುವ ತನಕ ಕಾದಳು. ಕಟ್ಟಿದ ಮೇಲೆ ಮನೆಗೆ ಬಂದು ಮತ್ತೆ ಕಾಯಿಸಿದಳು. ಎರಡನೆಯ ಸಲವೂ ಗೇಟು ತೆರೆಯಲಿಲ್ಲ. ಕಾಲಿನ ಬೆರಳು ಇವೆಯೋ ಇಲ್ಲವೋ ಗೊತ್ತಾಗದ ಹಾಗಾಗಿತ್ತು. ಬೈಯಲು ಬಾಯಿ ಬರುತ್ತಿರಲಿಲ್ಲ, ಅಷ್ಟು ಚಳಿ.

ಮೂರನೆಯ ಸಲ ನೀರು ಕಾಯಿಸಲು ಬಂದಾಗ ವೆಂಡೆಲೀನ ಒಲೆಯ ಹತ್ತಿರ ಕೂತಿದ್ದ. ನಿನ್ನೆಯಿಂದ ಮಾತಾಡಿರಲಿಲ್ಲ. ಕಿಟಕಿಯಿಂದ ಎಲ್ಲ ನೋಡಿದ್ದ.

"ಮತ್ತೆ ಹೋಗ್ತೀಯಾ?"

"ಹೋಗ್ತೀನಿ."

"ಊರೆಲ್ಲ ನೋಡ್ತಿದೆ."

"ನೋಡ್ಲಿ ಅಂತಲೇ ಹಗಲಲ್ಲಿ ಹೋಗ್ತಿರೋದು."

"ತೆಗೀದಿದ್ರೆ?"

"ಮಧ್ಯಾಹ್ನ ಹೋಗ್ತೀನಿ, ಸಂಜೆ ಹೋಗ್ತೀನಿ. ಅವಳ ಮೊಲ ಹೆರೋ ತನಕ ಹೋಗ್ತೀನಿ. ನಿನ್ನ ಮೊಲಕ್ಕೆ ಮೂವತ್ತೆಂಟು ವರ್ಷ ಹೊತ್ತವಳಿಗೆ ಅವಳದ್ದಕ್ಕೆ ಒಂದು ವಾರ ಹೊರೋಕೆ ಆಗಲ್ವಾ?"

ವೆಂಡೆಲೀನ ಗೊಣಗಿದ, ಏನೆಂದು ಕೇಳಿಸಲಿಲ್ಲ. ಎದ್ದು, ದಪ್ಪ ಸೌದೆಯೊಂದನ್ನು ಆರಿಸಿ ಒಲೆಗೆ ತುರುಕಿದ. ಆಮೇಲೆ ಕೊಟ್ಟಿಗೆಯ ಕೀಲಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟು, ಅವಳ ಕಡೆ ನೋಡದೆ ಹೊರಗೆ ಹೋದ.

ಮೂರನೆಯ ಸಲ ಒಟೀಲಿಯಾ ಕೂಗಲಿಲ್ಲ. ಗೇಟಿನ ಎದುರು ಬಕೆಟ್ ಹಿಡಿದು ನಿಂತಳು, ಅಷ್ಟೆ. ಎಷ್ಟು ಹೊತ್ತಾಯಿತೋ, ಅಗುಳಿ ಸರಿಯಿತು. ಜೆನೊವೇವಾ ಗೇಟಿನ ಆಚೆ ನಿಂತಿದ್ದಳು.  ಬಕೆಟ್ಟಿನೊಳಗೆ ಬೆರಳಿಟ್ಟು ನೋಡಿದಳು.

"ಇಷ್ಟು ಬಿಸಿ ಸಾಕಾ?"

"ಸಾಕು. ಇದಕ್ಕಿಂತ ಜಾಸ್ತಿ ಬೇಡ."

"ದಿನಕ್ಕೆ ಮೂರು ಸಲ?"

"ಮೂರು ಸಲ. ಹೆತ್ತ ದಿನ ಬಟ್ಟಲು ಬರಿದಾಗೋಕೆ ಬಿಡಬೇಡ."

ಜೆನೊವೇವಾ ಬಕೆಟ್ಟನ್ನು ಕೈಯಿಂದ ಕಿತ್ತುಕೊಂಡ ಹಾಗೆ ಇಸಿದುಕೊಂಡಳು. "ನಿನ್ನನ್ನ ನಾನು ಕ್ಷಮಿಸಿಲ್ಲ" ಎಂದಳು.

"ಗೊತ್ತು" ಎಂದಳು ಒಟೀಲಿಯಾ. "ಬಕೆಟ್ ಮಧ್ಯಾಹ್ನಕ್ಕೆ ವಾಪಸು ಬೇಕು, ಇನ್ನೊಂದು ಸಲ ತರಬೇಕಲ್ಲ."